ಮೊಸರು ಮಾರುವವಳ ಮಾತು

ತನ್ನ ಮೊಸರು ಹುಳಿಯೆಂದು ಯಾರು ಹೇಳಿಯಾರು? ಇದು ಹಿರಿಯರ ಮಾತು. ಮಾರುವವರ ಬಾಯಿಂದ ಸತ್ಯವನ್ನು ನಿರೀಕ್ಷಿಸುವುದು ವ್ಯರ್ಥವೆಂಬುದು ಅದರ ಇಂಗಿತ. ನಾವೂ ಬಹುಕಾಲ ಹಾಗೆಯೇ ನಂಬಿಕೊಂಡು, ಜಾಹೀರಾತು ಕಂಡಲ್ಲೆಲ್ಲ ಅದರಲ್ಲಿ ಅರ್ಧವನ್ನು ಕಳೆದು ಓದುತ್ತ ಬಂದವರು. ಆದರೆ ಮಾರುವವರ ಪರವಾಗಿ ನಾವೇ ನಾಲ್ಕು ಸಾಲು ಬರೆಯಬೇಕಾಗಿ ಬಂದಾಗ ಗಾದೆಯು ಕೇಳಿದಷ್ಟು ಸರಳವಲ್ಲವೆಂದು ತಿಳಿಯಿತು.

ನಾವು ಗಂಡಹೆಂಡಿರು ಡೊಂಬಿವಲಿಯಲ್ಲಿ ನೆಲೆಸಿ ಮೂವತ್ತು ವರ್ಷಗಳ ಮೇಲಾಯಿತು. ನಮ್ಮ ಕೆಳಗಿನ ಮನೆಯಲ್ಲಿ ಹಾವೇರಿ ಕಡೆಯ ಒಂದು ಕುಟುಂಬವಿದೆ. ಯಜಮಾನರ ಕೆಲಸ ಹೋದಮೇಲೆ ಆ ಮನೆಯಾಕೆ ಸಾರಿನ ಪುಡಿ ಮಾಡಿ ಮಾರತೊಡಗಿದರು. ಕೈರುಚಿ ಚೆನ್ನಾಗಿತ್ತು, ಆದರೆ ನಾಲ್ಕಾರು ಮನೆಗಳ ಆಚೆಗೆ ಅದು ಯಾರಿಗೂ ಗೊತ್ತಿರಲಿಲ್ಲ. ಒಂದು ಸಂಜೆ ಮೇಲೆ ಬಂದು, "ಅಕ್ಕಾರ, ನೀವಿಬ್ಬರೂ ಸಂಘದ ಪತ್ರಿಕ್ಯಾಗ ಬರಿಯೋರು. ನನಗೊಂದು ಚೀಟಿ ಬರದು ಕೊಡ್ರಿ. ಓದಿದವರು ಪುಡಿ ತೊಗೋಬೇಕು, ಹಂಗ ಇರಬೇಕು" ಎಂದರು.

ಲೇಖನ ಬರೆಯಬಲ್ಲವರಿಗೆ ಕರಪತ್ರವೇನು ಮಹಾ ಎಂದುಕೊಂಡು ನಾವು ಒಪ್ಪಿದೆವು. ಅಂದು ರಾತ್ರಿಯೇ ಮೊದಲ ಕರಡು ಸಿದ್ಧವಾಯಿತು. ಅತ್ಯುತ್ತಮ, ಅಪ್ಪಟ, ಅದ್ವಿತೀಯ ಎಂಬ ಮೂರು ಪದಗಳು ಮೊದಲ ಸಾಲಿನಲ್ಲೇ ಕುಳಿತವು. ಅದರ ಕೆಳಗೆ, "ಉಡುಪಿಯಿಂದ ನೇರವಾಗಿ ನಿಮ್ಮ ಅಡುಗೆಮನೆಗೆ" ಎಂದು ಬರೆದೆವು. ಮುಂಬಯಿಯಲ್ಲಿ ಉಡುಪಿಯ ಹೆಸರಿಗಿರುವ ಬೆಲೆ ಯಾರಿಗೆ ತಿಳಿಯದು? ಮಾಟುಂಗದ ಹೋಟೆಲುಗಳಲ್ಲಿ ಇಡ್ಲಿ ತಿಂದು ಬೆಳೆದ ಮರಾಠಿ, ಗುಜರಾತಿ ನೆರೆಹೊರೆಯವರಿಗೂ ಅದು ರುಚಿಯ ಇನ್ನೊಂದು ಹೆಸರು.

ಮರುದಿನ ಓದಿ ಹೇಳಿದಾಗ ಆಕೆ ನಕ್ಕುಬಿಟ್ಟರು. "ಅಯ್ಯ, ನಾ ಉಡುಪಿ ನೋಡಿದ್ದು ಒಂದ ಸಲ ರೀ, ಅದೂ ಕೃಷ್ಣನ ದರ್ಶನಕ್ಕ. ಉಡುಪಿಯವರು ಉಂಡು, ಇದು ನಮ್ಮದಲ್ಲ ಅಂದ್ರ ನಾ ಏನ್ ಹೇಳ್ಲಿ?"

ನಮಗೆ ನಾಚಿಕೆಯಾಯಿತು. ಪತ್ರಿಕೆಯಲ್ಲಿ ಒಂದು ಇಸವಿ ತಪ್ಪಿದರೂ ಸಂಕಟಪಡುವ ನಾವು, ಮಾರಾಟದ ಚೀಟಿಯೆಂದ ಕೂಡಲೇ ಇಡೀ ಊರನ್ನೇ ಬದಲಿಸಿದ್ದೆವು. ಮಾರುವ ಮಾತಿಗೆ ಬೇರೆಯೇ ಧರ್ಮವಿದೆಯೆಂದು, ಯಾರೂ ಹೇಳದೆ ನಾವಾಗಿಯೇ ಭಾವಿಸಿದ್ದೆವು. ಹೊರನಾಡಿನಲ್ಲಿ ಬಾಳುವ ನಮ್ಮಂಥವರಿಗೆ 'ಊರು' ಎಂಬ ಮಾತು ಕೇಳಿದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಊರ ತುಪ್ಪ, ಊರ ಬೆಲ್ಲ, ಊರ ಹಪ್ಪಳ ಎಂದರೆ ನಾವು ಬೆಲೆ ಕೇಳುವುದೂ ಕಡಿಮೆ. ವಸ್ತುವು ನಿಜವಾಗಿಯೂ ಊರಿನದಾಗಿದ್ದರೆ ಅದನ್ನು ಹೇಳಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅಲ್ಲವಾದರೆ, ದುಡ್ಡಿಗಿಂತ ಮೊದಲು ಕಳುವಾಗುವುದು ಕೊಳ್ಳುವವರ ಹಂಬಲ.

ಉಡುಪಿಯನ್ನೇನೋ ಹೊಡೆದುಹಾಕಿದೆವು. ಆದರೆ 'ಅತ್ಯುತ್ತಮ' ಎಂಬ ಪದದ ಗತಿಯೇನು? ಅದು ಸುಳ್ಳೇ? ಎಲ್ಲರೂ ಹೇಳುವ ಉತ್ಪ್ರೇಕ್ಷೆಯಲ್ಲವೇ? ಇಲ್ಲಿ ಕಾನೂನು ಓದುವ ಹುಡುಗರೆಲ್ಲರಿಗೂ ತಿಳಿದಿರುವ ಒಂದು ಹಳೆಯ ಮೊಕದ್ದಮೆಯನ್ನು ನೆನೆಯಬಹುದು. 1891ರಲ್ಲಿ ಇಂಗ್ಲೆಂಡಿನ ಒಂದು ಕಂಪನಿ 'ಕಾರ್ಬಾಲಿಕ್ ಸ್ಮೋಕ್ ಬಾಲ್' ಎಂಬ ಔಷಧದ ಚೆಂಡನ್ನು ಮಾರುತ್ತ, ಹೇಳಿದ ರೀತಿಯಲ್ಲಿ ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿಯೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡು ಕೊಡುವುದಾಗಿ ಸಾರಿತು. 1000 ಪೌಂಡು ಬ್ಯಾಂಕಿನಲ್ಲಿಟ್ಟಿರುವುದಾಗಿಯೂ ಹೇಳಿತು. ಹಾಗೆಯೇ ಬಳಸಿದ ಕಾರ್ಲಿಲ್ ಎಂಬ ಮಹಿಳೆಗೆ ಜ್ವರ ಬಂತು. ಹಣ ಕೇಳಿದಾಗ ಕಂಪನಿ ಹೇಳಿದ್ದು, ಅದು ಬರಿಯ ಬಡಾಯಿ, ಯಾರೂ ಅದನ್ನು ನಿಜವೆಂದು ಎಣಿಸಬಾರದು ಎಂದು! 1892ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ ಆಕೆಗೆ ಹಣ ಕೊಡಿಸಿತು. ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದೇವೆ ಎಂದವನು ತಾನು ತಮಾಷೆಗೆ ಹೇಳಿದೆನೆನ್ನಲಾಗದು ಎಂಬುದು ನ್ಯಾಯಾಧೀಶರ ಮತ.

ಈ ಕತೆಯಲ್ಲಿ ನಮಗೆ ಕಂಡ ಪಾಠವೆಂದರೆ, ಖಚಿತವಾದ ಮಾತು ಆಡಿದವರನ್ನು ಕಟ್ಟಿಹಾಕುತ್ತದೆ; ಮಸುಕಾದ ಮಾತು ಕಟ್ಟಿಹಾಕುವುದಿಲ್ಲ. ಹೊಸದಾಗಿ ಬರೆಯುವವರು 'ಅತ್ಯುತ್ತಮ', 'ಅದ್ವಿತೀಯ'ಗಳ ಮೊರೆಹೋಗುವುದು ಇದಕ್ಕಾಗಿಯೇ. ಅಲ್ಲಿ ಸಿಕ್ಕಿಬೀಳುವ ಭಯವಿಲ್ಲ. ಆದರೆ ಯಾವ ಮಾತಿನಲ್ಲಿ ಸಿಕ್ಕಿಬೀಳುವ ಭಯವಿಲ್ಲವೋ ಅದನ್ನು ನಂಬುವುದಕ್ಕೆ ಕಾರಣವೂ ಇರುವುದಿಲ್ಲ. ಆ ಪದಗಳು ಸುಳ್ಳಲ್ಲದಿರಬಹುದು; ಅವು ಏನನ್ನೂ ಹೇಳುವುದಿಲ್ಲ ಅಷ್ಟೆ.

ಹಾಗಾದರೆ ಹೇಳುವುದೇನನ್ನು? ಈ ವಿದ್ಯೆಯ ದೊಡ್ಡವರೆಲ್ಲ ಹೇಳಿರುವುದು ಒಂದೇ: ಬರೆಯುವ ಮೊದಲು ಹೋಗಿ ನೋಡಿ. ಡೇವಿಡ್ ಒಗಿಲ್ವಿ 1958ರಲ್ಲಿ ರೋಲ್ಸ್ ರಾಯ್ಸ್ ಕಾರಿನ ಪ್ರಸಿದ್ಧ ಜಾಹೀರಾತನ್ನು ಬರೆಯುವ ಮುನ್ನ ಮೂರು ವಾರ ಆ ಕಾರಿನ ಬಗ್ಗೆ ಓದಿದರಂತೆ. ಅಷ್ಟು ಓದಿ ಅವರು ಆರಿಸಿಕೊಂಡದ್ದು ವಿಶೇಷಣಗಳನ್ನಲ್ಲ. ಗಂಟೆಗೆ 60 ಮೈಲಿ ವೇಗದಲ್ಲಿಯೂ ಒಳಗಿನ ಗಡಿಯಾರದ ಸದ್ದೇ ಹೆಚ್ಚಾಗಿ ಕೇಳಿಸುತ್ತದೆ ಎಂಬ ಒಂದು ಚಿಕ್ಕ ಸಂಗತಿಯನ್ನು.

ನಾವೂ ಒಂದು ಬೆಳಿಗ್ಗೆ ಹೋಗಿ ಆಕೆಯ ಅಡುಗೆಮನೆಯಲ್ಲಿ ಕುಳಿತೆವು. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕರಿಬೇವು ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯುವುದನ್ನು ಕಂಡೆವು. ಮೆಣಸಿನಕಾಯಿ ಬ್ಯಾಡಗಿಯದು, ಆಕೆಯ ತಮ್ಮ ಅಲ್ಲಿಂದಲೇ ಕಳಿಸುತ್ತಾನೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಸುಕ್ಕುಸುಕ್ಕಾದ ಕಾಯಿಯ ಗುಣ ನಮ್ಮವರಿಗೆ ಹೊಸದಲ್ಲ: ಬಣ್ಣ ಬಹಳ, ಖಾರ ಕಡಿಮೆ. ಆದರೆ ಕಡುಗೆಂಪು ಪುಡಿಯನ್ನು ಕಂಡ ಮುಂಬಯಿಯ ಗೃಹಿಣಿ, ಇದು ಬೆಂಕಿಯೆಂದು ಹೆದರಿ ಕೆಳಗಿಡುತ್ತಾಳೆ. ನಮಗೆ ಬೇಕಾಗಿದ್ದ ಸಾಲು ಅಲ್ಲಿಯೇ ಇತ್ತು. "ಬಣ್ಣಕ್ಕೆ ಹೆದರಬೇಡಿ. ಇದು ಬ್ಯಾಡಗಿ ಮೆಣಸಿನಕಾಯಿ; ಮಕ್ಕಳೂ ಉಣ್ಣಬಹುದು. ಬಹಳ ಖಾರ ಬೇಕೆನ್ನುವವರಿಗೆ ಈ ಪುಡಿ ಅಲ್ಲ."

ಕೊನೆಯ ವಾಕ್ಯವನ್ನು ಬರೆಯುವಾಗ ಕೈ ತಡೆಯಿತು. ಮಾರುವ ಚೀಟಿಯಲ್ಲಿ ಕೊಳ್ಳಬೇಡಿರೆನ್ನುವುದೇ? ಆದರೆ ಜನ ನಂಬಿದ್ದು ಆ ವಾಕ್ಯದಿಂದಲೇ ಎಂದು ಆಮೇಲೆ ತಿಳಿಯಿತು. ಅದರ ಕೆಳಗೆ, "ಶುದ್ಧ ಮಸಾಲೆ, ಬೇರೇನನ್ನೂ ಬೆರೆಸಿಲ್ಲ" ಎಂದು ಮುಗಿಸಿ, ಕನ್ನಡ ಮರಾಠಿಗಳೆರಡರಲ್ಲೂ ಅಚ್ಚುಹಾಕಿಸಿದೆವು. ಮೊದಲ ತಿಂಗಳಲ್ಲಿ 30 ಪೊಟ್ಟಣಗಳು ಹೋದವು. ನಾವು ಸತ್ಯವನ್ನೇ ಬರೆದು ಗೆದ್ದೆವೆಂದು ಬೀಗಿದೆವು.

ಅಷ್ಟರಲ್ಲಿ ಒಬ್ಬ ತಾಯಿಯಿಂದ ಫೋನು ಬಂತು. ಅವರ ಮಗನಿಗೆ ಗೋಧಿ ಒಗ್ಗದ ಕಾಯಿಲೆ. ಕಿಂಚಿತ್ ಗೋಧಿ ಹೊಟ್ಟೆಗೆ ಹೋದರೂ ಕರುಳಿಗೆ ಹಾನಿ. "ಬೇರೇನನ್ನೂ ಬೆರೆಸಿಲ್ಲ ಎಂದು ಬರೆದಿದ್ದೀರಿ, ಇಂಗು ಯಾವುದು?" ಎಂದು ಅವರು ಕೇಳಿದರು. ಇಂಗಿನ ಡಬ್ಬಿಯನ್ನು ತಿರುಗಿಸಿ ಓದಿದೆವು. ಅಂಗಡಿಯಲ್ಲಿ ಸಿಗುವ ಇಂಗು ಬಹುಮಟ್ಟಿಗೆ ಶುದ್ಧ ಇಂಗಲ್ಲ. ಅಂಟು, ಹಿಟ್ಟು ಕೂಡಿಸಿದ್ದು. ನಮ್ಮ ಡಬ್ಬಿಯ ಮೇಲೆ ಗೋಧಿ ಹಿಟ್ಟೆಂದು ಸಣ್ಣ ಅಕ್ಷರಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾವು ನೋಡಿರಲಿಲ್ಲ.

ಆ ತಾಯಿ ಕೇಳಿದ್ದರಿಂದ ಅನಾಹುತವಾಗಲಿಲ್ಲ. ಕೇಳದೆ ಕೊಂಡವರ ಪಾಡೇನು? ನಾವು ಸುಳ್ಳು ಹೇಳಬೇಕೆಂದು ಹೇಳಲಿಲ್ಲ, ನಿಜ. ಆದರೆ ಬಲ್ಲವರಂತೆ ಹೇಳಿದೆವು. ಬೇರೇನನ್ನೂ ಬೆರೆಸಿಲ್ಲ ಎನ್ನುವವರು, ಏನೇನು ಬೆರೆತಿದೆಯೆಂದು ಮೊದಲು ತಿಳಿದಿರಬೇಕು. ಸತ್ಯವೆಂದರೆ ತಿಳಿದದ್ದನ್ನು ತಿರುಚದಿರುವುದು ಮಾತ್ರವೆಂದು ನಾವು ಭಾವಿಸಿದ್ದೆವು. ಹೇಳಹೊರಟದ್ದನ್ನು ತಿಳಿದುಕೊಳ್ಳುವ ಹೊಣೆಯೂ ಅದರಲ್ಲಿ ಸೇರಿದೆ.

ಚೀಟಿಯನ್ನು ತಿದ್ದಬೇಕೆಂದಾಗ, ಉಡುಪಿಯ ಸುಳ್ಳನ್ನು ನಕ್ಕು ತಳ್ಳಿದ್ದ ಅದೇ ತಾಯಿ ಈಗ ಹಿಂಜರಿದರು. "ಗೋಧಿ ಐತಿ ಅಂತ ಬರದ್ರ, ಏನೋ ಕಲಬೆರಕಿ ಅನ್ಕೋತಾರ್ರಿ. ಕೇಳಿದವರಿಗಷ್ಟ ಹೇಳೂಣು." ಆ ಮನೆಯ ಪರಿಸ್ಥಿತಿ ಬಲ್ಲ ನಮಗೆ ಆ ಮಾತನ್ನು ಹಗುರವಾಗಿ ತೆಗೆದುಹಾಕಲು ಆಗಲಿಲ್ಲ. ಸತ್ಯದ ಬೆಲೆ ತೆರುವವರು ಅವರು. ಉಪದೇಶ ಮಾಡುವವರು ನಾವು.

ಕೇಳಿದವರಿಗಷ್ಟೇ ಹೇಳುವುದು ಸಾಲದೇ ಎಂಬುದು ನಿಜವಾಗಿಯೂ ಕಠಿಣವಾದ ಪ್ರಶ್ನೆ. ಹೇಳಿದ್ದೆಲ್ಲ ನಿಜವಾಗಿದ್ದೂ ಕೇಳಿದವರು ಮೋಸಹೋಗುವುದುಂಟು. ಅಡುಗೆ ಎಣ್ಣೆಯ ಡಬ್ಬಿಯ ಮೇಲೆ 'ಕೊಲೆಸ್ಟರಾಲ್ ಇಲ್ಲ' ಎಂದು ಬರೆದದ್ದನ್ನು ನೋಡಿದ್ದೇವೆ. ಕಡಲೆಕಾಯಿಯಾಗಲಿ ಸೂರ್ಯಕಾಂತಿಯಾಗಲಿ, ಗಿಡದ ಎಣ್ಣೆಯಲ್ಲಿ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟರಾಲ್ ಇರುವುದೇ ಇಲ್ಲ. ಮಾತು ನಿಜ, ಪಕ್ಕದ ಡಬ್ಬಿಯಲ್ಲಿ ಅದು ಇದೆಯೆಂಬ ಭಾವನೆ ಹುಟ್ಟಿಸುವುದು ಸುಳ್ಳು. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಮುಖ್ಯ ಸಂಗತಿಯನ್ನು ಬೇಕೆಂದೇ ಮರೆಮಾಚುವುದನ್ನು ದಾರಿತಪ್ಪಿಸುವ ಜಾಹೀರಾತೆಂದೇ ಎಣಿಸುತ್ತದೆ. ಆದರೆ ಮೂವತ್ತು ಪೊಟ್ಟಣದ ವ್ಯಾಪಾರವನ್ನು ವಿಚಾರಿಸಲು ಯಾವ ಅಧಿಕಾರಿಯೂ ನಮ್ಮ ಮೆಟ್ಟಲು ಹತ್ತಿ ಬರಲಾರ. ಅಲ್ಲಿ ಕಾಯಿದೆಯ ಬದಲು ನಾವೇ ಒಂದು ಅಳತೆಗೋಲನ್ನು ಇಟ್ಟುಕೊಳ್ಳಬೇಕಾಗುತ್ತದೆ.

ನಮಗೆ ಹೊಳೆದ ಅಳತೆಗೋಲು ಇಷ್ಟು: ನಮಗೆ ಗೊತ್ತಿರುವುದೆಲ್ಲ ಕೊಂಡವರಿಗೂ ಗೊತ್ತಾದ ಮೇಲೆ, ಅದೇ ಮೆಟ್ಟಲಿನಲ್ಲಿ ಎದುರಾದರೆ ಮುಖ ತಪ್ಪಿಸದೆ ನಿಲ್ಲಬಲ್ಲೆವೇ? ಹಳ್ಳಿಯ ಸಂತೆಯಲ್ಲಿ ಮೊಸರು ಮಾರುವವಳಿಗೆ ಈ ಪರೀಕ್ಷೆ ವಾರವಾರವೂ ಇತ್ತು. ಅಚ್ಚಿನ ಕಾಗದ, ಈಗಿನ ವಾಟ್ಸಾಪು, ಎಲ್ಲವೂ ಮಾರುವವರನ್ನು ಕೊಳ್ಳುವವರ ಕಣ್ಣಿನಿಂದ ದೂರಮಾಡಿವೆ. ದೂರವಾದಷ್ಟೂ ಸುಳ್ಳು ಸಲೀಸು.

ಮರುದಿನ ಬೆಳಿಗ್ಗೆ ಆಕೆಯೇ ಬಂದು, "ಬರೀರಿ ಅಕ್ಕಾರ. ಆ ಕೂಸಿನ ಸುದ್ದಿ ಕೇಳಿ ನಿದ್ದಿ ಹತ್ತಲಿಲ್ಲ" ಎಂದರು. ಹೊಸ ಚೀಟಿಯಲ್ಲಿ ಪದಾರ್ಥಗಳ ಹೆಸರನ್ನೆಲ್ಲ ಹಾಕಿ, "ಇಂಗಿನಲ್ಲಿ ಗೋಧಿ ಹಿಟ್ಟಿದೆ, ಗೋಧಿ ಒಗ್ಗದವರು ಬಳಸಬಾರದು" ಎಂದು ದಪ್ಪಕ್ಷರದಲ್ಲಿ ಸೇರಿಸಿದೆವು. ಪೊಟ್ಟಣದ ಮೇಲೂ ಅದನ್ನೇ ಅಂಟಿಸಿದೆವು. ಹಿಂದೆ ಕೊಂಡಿದ್ದ ಮನೆಗಳಿಗೆಲ್ಲ ಫೋನು ಮಾಡಿ ತಿಳಿಸಿದೆವು. ಇಂಗಿಲ್ಲದ ಪುಡಿಯನ್ನೇ ಆ ಹುಡುಗನಿಗೆ ಮಾಡಿಕೊಡೋಣವೆಂದರೆ, ನಮ್ಮ ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಾರೆ. ಅದನ್ನೂ ಹೇಳಿದೆವು. ಆ ತಾಯಿ ಪುಡಿ ಕೊಳ್ಳಲಿಲ್ಲ. ಹೇಳಿದ್ದಕ್ಕೆ ಉಪಕಾರ ನೆನೆದರು.

ಆ ತಿಂಗಳು ಹೋದದ್ದು 24 ಪೊಟ್ಟಣ. ಸತ್ಯ ಹೇಳಿದರೆ ವ್ಯಾಪಾರ ತಾನಾಗಿ ಬೆಳೆಯುತ್ತದೆಂದು ನಾವು ಹೇಳಲಾರೆವು. ಹಾಗೆ ಹೇಳುವುದೂ ಒಂದು ಬಗೆಯ ಜಾಹೀರಾತೇ ಆದೀತು. ಲಾಭಕ್ಕಾಗಿ ಮಾತ್ರ ಆಡುವ ಸತ್ಯ, ಲಾಭ ತಪ್ಪಿದ ದಿನ ನಿಂತುಹೋಗುತ್ತದೆ.

ಗಾದೆಯ ಮೊಸರಿನ ಬಗ್ಗೆ ಈಗ ನಮಗೆ ಬೇರೆಯೇ ಎನಿಸುತ್ತದೆ. ಹುಳಿ ಮೊಸರೆಂದರೆ ಕೆಟ್ಟ ಮೊಸರೇನಲ್ಲ. ಮಗುವಿಗೆ ಅನ್ನ ಕಲಸಲು ಅದು ಆಗದು. ಮಜ್ಜಿಗೆಹುಳಿಗೆ ಅದೇ ಬೇಕು. ಮೊಸರು ಮಾರುವವಳು, "ಇದು ನಿನ್ನೆಯದಮ್ಮ, ಮಜ್ಜಿಗೆಹುಳಿಗೆ ಒಯ್ಯಿ" ಎಂದರೆ ಅವಳ ಮೊಸರೂ ಮಾರುತ್ತದೆ, ಮಾತೂ ಉಳಿಯುತ್ತದೆ. ಆದರೆ ಹಾಗೆನ್ನಬೇಕಾದರೆ ಬೆಳಿಗ್ಗೆ ಎದ್ದು ತನ್ನ ಮೊಸರನ್ನು ತಾನು ಒಮ್ಮೆ ರುಚಿ ನೋಡಿರಬೇಕು. ನಾವು ಬರೆಯಲು ಕುಳಿತಾಗ ಮರೆತದ್ದು ಅದೊಂದನ್ನೇ.