ಬಿಸಿಲಿಲ್ಲದ ಮನೆಯ ಮಲ್ಲಿಗೆ

ಮುಂಬಯಿಯ ಫ್ಲ್ಯಾಟಿನಲ್ಲಿ ಗಿಡ ಸಾಕುವವರಿಗೆ ಮುಖ್ಯವಾಗಿ ಎರಡು ಚಿಂತೆ. ಒಂದು ಬೆಳಕು, ಇನ್ನೊಂದು ಹುಳ. ಊರಿನಲ್ಲಿರುವ ನಿಮಗೆ ಇದು ವಿಚಿತ್ರವಾಗಿ ಕಾಣಬಹುದು. ಅಂಗಳದಲ್ಲಿ ನೆಟ್ಟ ಗಿಡಕ್ಕೆ ಬೆಳಕು ಎಲ್ಲಿಂದ ಬರುತ್ತದೆಂದು ಯಾರು ಯೋಚಿಸುತ್ತಾರೆ? ನಾನೂ ಯೋಚಿಸಿದವನಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ಒಂದು ಮಲ್ಲಿಗೆ ಗಿಡ.

ನಮ್ಮದು ಉಡುಪಿ ಹತ್ತಿರದ ಶಂಕರಪುರದ ಕಡೆ. ಅಲ್ಲಿ ಮಲ್ಲಿಗೆಯೆಂದರೆ ಬರೀ ಹೂವಲ್ಲ, ಅಡುಗೆಮನೆಯ ಖರ್ಚು, ಮಕ್ಕಳ ಫೀಸು. 800 ಮೊಗ್ಗಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಮ್ಮ ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಕಟ್ಟೆಗೆ ಕಳಿಸುತ್ತಿದ್ದಳು. ನಾನು ಎಂ.ಕಾಂ. ಮಾಡಿದ್ದು ಆ ದುಡ್ಡಿನಲ್ಲಿ. ಬ್ಯಾಂಕಿಗೆ ಸೇರಿ ಮುಂಬಯಿಗೆ ಬಂದ ಮೇಲೆ ಎಷ್ಟೋ ಸಲ ಅವಳನ್ನು ಕರೆದೆ. ಅವಳದು ಒಂದೇ ಮಾತು: "ಅಲ್ಲಿ ಬಂದು ನಾನು ಎಂತ ಮಾಡುವುದು ಮಗಾ? ಬಿಸಿಲಿಲ್ಲ, ಮಣ್ಣಿಲ್ಲ. ನನ್ನನ್ನು ಇಲ್ಲಿಯೇ ಬಿಡು." ಹಟ ಎಂದು ನನಗೆ ಸಿಟ್ಟು ಬರುತ್ತಿತ್ತು.

2011ರಲ್ಲಿ ಅವಳು ತೀರಿಕೊಂಡಳು. ಕಾರ್ಯವೆಲ್ಲ ಮುಗಿಸಿ ಮತ್ಸ್ಯಗಂಧ ರೈಲು ಹತ್ತುವಾಗ ಅವಳ ತೋಟದ ಒಂದು ಮಲ್ಲಿಗೆ ಗಿಡವನ್ನು ಬೇರಿನ ಮಣ್ಣಿನ ಸಮೇತ ಗೋಣಿಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಕೊಂಡೆ. ಅವಳನ್ನಂತೂ ತರಲಾಗಲಿಲ್ಲ, ಅವಳ ಗಿಡವಾದರೂ ಬರಲಿ ಎಂಬ ಆಸೆ.

ಮುಲುಂಡಿನ ನಮ್ಮ ನಾಲ್ಕನೇ ಮಹಡಿಯ ಬಾಲ್ಕನಿಗೆ ಆಗ ಬೆಳಗಿನ ಬಿಸಿಲು ನಾಲ್ಕು ತಾಸು ಬೀಳುತ್ತಿತ್ತು. ಗಿಡ ಹಿಡಿಯಿತು, ಬೇಸಿಗೆಯಲ್ಲಿ ದಿನಕ್ಕೆ ಒಂದು ಬೊಗಸೆ ಹೂ. 2018ರಲ್ಲಿ ಎದುರಿನ ಹಳೆಯ ಚಾಳು ಕೆಡವಿ ಗೋಪುರದಂಥ ಕಟ್ಟಡ ಏಳತೊಡಗಿತು. ಮರುವರ್ಷದ ಹೊತ್ತಿಗೆ ನಮ್ಮ ಸೂರ್ಯ ಅವರ ಪಾಲಾದ. ಗಿಡ ಬೆಳಕು ಹುಡುಕುತ್ತಾ ಉದ್ದುದ್ದ ತೆಳ್ಳಗೆ ಬಾಗಿತು. ಎಲೆ ಬಿಳಿಚಿತು, ಮೊಗ್ಗು ನಿಂತಿತು.

ನಿವೃತ್ತನಾಗಿದ್ದೆ, 2020ರ ಲಾಕ್‌ಡೌನ್ ಬೇರೆ. ಕೈಯಲ್ಲಿ ಹೊತ್ತು ಬೇಕಾದಷ್ಟಿತ್ತು. ಮೊಬೈಲಿನಲ್ಲಿ ಬೆಳಕು ಅಳೆಯಲು ಕಲಿತೆ. ಮಧ್ಯಾಹ್ನದ ಬಯಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನಮ್ಮ ಹಾಲ್‌ನಲ್ಲಿ ನಮಗೆ ಬೆಳಕಾಗಿಯೇ ಇದೆ ಎನಿಸುವ ಜಾಗದಲ್ಲಿ 200! ನಮ್ಮ ಕಣ್ಣು ಕತ್ತಲೆಗೆ ಹೊಂದಿಕೊಂಡು ಸುಳ್ಳು ಹೇಳುತ್ತದೆ, ಎಲೆಗೆ ಆ ಸೌಲಭ್ಯ ಇಲ್ಲ. 20 ವಾಟಿನ ಎರಡು ಎಲ್‌ಇಡಿ ಟ್ಯೂಬ್‌ಲೈಟು ತಂದು ಗಿಡದ ನೆತ್ತಿಯಿಂದ ಅರ್ಧ ಅಡಿ ಮೇಲೆ ಕಟ್ಟಿದೆ. ದಿನಕ್ಕೆ 12 ತಾಸು ಉರಿಸಿದರೆ ತಿಂಗಳಿಗೆ 14 ಯೂನಿಟ್ಟು. ಸಿಕ್ಕಿದ್ದು ಹೆಚ್ಚೆಂದರೆ 3 ಸಾವಿರ ಲಕ್ಸ್. ದೀಪವನ್ನು ಸ್ವಲ್ಪ ಮೇಲೆತ್ತಿದರೂ ಅದು ಇಳಿಯುತ್ತಿತ್ತು. ಗಿಡ ಸಾಯಲಿಲ್ಲ, ಹೂವನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಹಿಟ್ಟು ತಿಗಣೆ ಬಂತು. ಎಲೆಯ ಬುಡದಲ್ಲಿ ಹತ್ತಿಯ ಚೂರು ಅಂಟಿದ ಹಾಗೆ. ಒಂದೊಂದು ಹತ್ತಿಗೂಡಿನಲ್ಲಿ ನೂರಾರು ಮೊಟ್ಟೆ. ಅವು ರಸ ಹೀರಿ ಸಿಹಿ ಅಂಟು ಸುರಿಸುತ್ತವೆ, ಅದಕ್ಕೆ ಇರುವೆ ಬರುತ್ತದೆ. ಇರುವೆ ಅವುಗಳನ್ನು ಕಾಯುತ್ತದೆ, ಅಂಟಿನ ಮೇಲೆ ಕಪ್ಪು ಬೂಷ್ಟು ಕಟ್ಟುತ್ತದೆ. ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ಒರೆಸಿದೆ. ಲೀಟರು ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪು ಸೇರಿಸಿ ವಾರಕ್ಕೊಮ್ಮೆ ಸಿಂಪಡಿಸಿದೆ. ಮೈಮೇಲಿನ ಮೇಣದಿಂದಾಗಿ ನೀರು ಅವಕ್ಕೆ ತಾಗುವುದಿಲ್ಲ, ಅದಕ್ಕೆ ಸೋಪು. ಮೊಟ್ಟೆ ಒಡೆದು ಹೊಸ ಮರಿ ಬರುತ್ತಲೇ ಇರುತ್ತದೆ, ಅದಕ್ಕೆ ವಾರವಾರ. ಕಡಿಮೆಯಾಯಿತು ಎನ್ನುವಷ್ಟರಲ್ಲಿ ಮತ್ತೆ ಬಂತು. ರೋಸಿಹೋಗಿ ಅಂಗಡಿಯಿಂದ ಕಟು ವಾಸನೆಯ ಔಷಧಿ ತಂದು ಹೊಡೆದೆ.

ಗಾಳಿಗೆ ಅದು ಪಕ್ಕದ ಬಾಲ್ಕನಿಗೆ ಹೋಯಿತು. ಅಲ್ಲಿ ಜೈನರ ಮನೆಯ ಅಜ್ಜಿ ಗುಬ್ಬಿಗಳಿಗೆ ನೀರು, ಕಾಳು ಇಡುತ್ತಾರೆ. ಬಾಗಿಲು ತಟ್ಟಿ ಕೇಳಿದರು: "ಭಾಯಿಸಾಬ್, ಒಂದು ಗಿಡ ಉಳಿಸಲು ಎಷ್ಟು ಜೀವ ತೆಗೀತೀರಿ?" ನಾನು ಸುಮ್ಮನಿರಲಿಲ್ಲ. "ನೀವು ತಿನ್ನುವ ಗೋಧಿಯನ್ನೂ ಹುಳದಿಂದ ಕಾಪಾಡಿಯೇ ತಂದದ್ದಲ್ಲವೇ ಮಾತಾಜಿ?" ಎಂದೆ. ಅವರು, "ಗೋಧಿ ಇಲ್ಲದೆ ಬದುಕೋದಿಲ್ಲ. ಈ ಗಿಡ ಇಲ್ಲದೆ ನೀವು ಬದುಕೋದಿಲ್ವೇ?" ಎಂದು ಕೇಳಿ ಹೊರಟುಹೋದರು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಳ ಕೊಲ್ಲುವುದು ಪಾಪವೇ ಎಂಬುದಕ್ಕೆ ನನ್ನಲ್ಲಿ ಉತ್ತರವಿತ್ತು: ಹಸಿವಿಗಾಗಿ ಬೆಳೆಯುವವನಿಗೆ ಅದು ಅನಿವಾರ್ಯ. ಆದರೆ ಅನಿವಾರ್ಯ ಎಂಬ ಮಾತನ್ನು ನಾನು ಬಳಸಬಹುದೇ? ಊರಿನ ತೋಟದಲ್ಲಿಯೂ ಹುಳ ಇತ್ತು, ಇಲ್ಲವೆಂದಲ್ಲ. ಮೊಗ್ಗು ಕೊರೆಯುವ ಹುಳಕ್ಕೆ ಅಮ್ಮ ಬೈಯದ ದಿನವಿರಲಿಲ್ಲ. ಆದರೆ ಅಲ್ಲಿ ಮಳೆ ಎಲೆ ತೊಳೆಯುತ್ತಿತ್ತು, ಹಕ್ಕಿ ಇತ್ತು, ಗುಲಗಂಜಿ ಹುಳ ಇತ್ತು. ಹಿಟ್ಟು ತಿಗಣೆ ತಿನ್ನುವ ಒಂದು ಗುಲಗಂಜಿ ಹುಳವನ್ನು 1898ರಷ್ಟು ಹಿಂದೆಯೇ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದಿದ್ದರು. ಕಾಫಿಯ ಶಲ್ಕ ಕೀಟಕ್ಕೆಂದು ತಂದದ್ದು, ಆ ಕೆಲಸ ಆಗಲಿಲ್ಲ, ಆದರೆ ಹಿಟ್ಟು ತಿಗಣೆ ತಿಂದುಕೊಂಡು ಇಲ್ಲಿಯೇ ನೆಲೆಸಿತು. ಪರವೂರಿಗೆ ಹೋದ ಎಲ್ಲರೂ ಬಾಡುವುದಿಲ್ಲ, ಬದುಕಲು ಬೇಕಾದದ್ದು ಸಿಕ್ಕಿದರೆ ನೆಲೆಸುತ್ತಾರೆ. ನಾನೂ ಹಾಗೆಯೇ ನೆಲೆಸಿದವನು. ನನ್ನ ಮಲ್ಲಿಗೆಗೆ ಬೇಕಾದದ್ದು ಈ ಮನೆಯಲ್ಲಿ ಇರಲಿಲ್ಲ.

ಬ್ಯಾಂಕಿನಲ್ಲಿ ನಾನು ಎಷ್ಟೋ ಸುಸ್ತಿಸಾಲ ನೋಡಿದವನು. ನಡೆಯಲಾರದ ಉದ್ಯಮಕ್ಕೆ ಸಾಲ ಮಂಜೂರು ಮಾಡಿ, ಕಂತು ನಿಂತ ಮೇಲೆ ಸಾಲಗಾರನನ್ನು ಬೈಯುವುದು ನಮ್ಮಲ್ಲಿ ರೂಢಿ. ಮಂಜೂರು ಮಾಡಿದವನ ತಪ್ಪು ಕಡತದಲ್ಲಿ ಕೊನೆಯ ಪುಟಕ್ಕೆ ಹೋಗುತ್ತದೆ. ಇಲ್ಲಿಯೂ ಅದೇ ಆಗಿತ್ತು. ಕತ್ತಲೆಯಲ್ಲಿ ಸೊರಗಿದ ಗಿಡವನ್ನು ಮಳೆ, ಹಕ್ಕಿ ಯಾವುದೂ ಬಾರದ ಕಡೆ ಹಿಡಿದಿಟ್ಟವನು ನಾನು. ಹುಳ ಅದರ ಬಡ್ಡಿ ವಸೂಲಿಗೆ ಬಂದಿತ್ತು, ಅಷ್ಟೇ. ನಾನು ವಸೂಲಿಗೆ ಬಂದವನನ್ನು ಕೊಲ್ಲುತ್ತಿದ್ದೆ.

ಹಾಗಾದರೆ ಮನೆಯೊಳಗೆ ಗಿಡವನ್ನೇ ಇಡಬಾರದೇ? ಅದೂ ಅತಿಯಾಯಿತು. ಮನಿಪ್ಲಾಂಟಿನಂಥವು ನೆರಳಿಗೆ ಒಗ್ಗುತ್ತವೆ. ಗಿಡ ಸಾಕುವುದು ತಪ್ಪಲ್ಲ. "ಇದು ಇಲ್ಲಿ ಬದುಕೀತೇ?" ಎಂದು ಕೇಳಬೇಕಾದಲ್ಲಿ "ಇದು ನನಗೆ ಬೇಕು" ಎನ್ನುವುದು ತಪ್ಪು. ಪ್ರೀತಿಯ ಹೆಸರಿನಲ್ಲಿ ನಾವು ಈ ಎರಡನ್ನೂ ಕಲಸಿಬಿಡುತ್ತೇವೆ. ಅಮ್ಮನಿಗೆ ಬಾಯಿ ಇತ್ತು, ಬೇಡ ಎಂದಳು, ನಾನು ಅದನ್ನು ಹಟ ಎಂದೆ. ಗಿಡ ಹೂ ಬಿಡದೆ ಅದನ್ನೇ ಹೇಳಿತು, ನಾನು ಅದಕ್ಕೆ ದೀಪ ಕಟ್ಟಿದೆ.

2021ರ ಮಳೆಗಾಲದಲ್ಲಿ ಬದ್ಲಾಪುರದಲ್ಲಿ ಅಂಗಳವಿರುವ ಹಳೆಯ ಸಹೋದ್ಯೋಗಿಗೆ ಗಿಡ ಕೊಟ್ಟೆ. ಕೊಡುವ ಮೊದಲು ತಿಂಗಳೊಪ್ಪತ್ತು ಬೇವಿನೆಣ್ಣೆ ಹೊಡೆದು, ಹತ್ತಿಯಲ್ಲಿ ಒರೆಸಿ, ಹುಳ ಹೋಯಿತೆಂದು ಖಾತ್ರಿ ಮಾಡಿಕೊಂಡೆ. ನನ್ನ ರೋಗ ಅವರ ಗಿಡಗಳಿಗೆ ಹೋಗಬಾರದಲ್ಲ. ಆ ಒಂದು ತಿಂಗಳ ಕೊಲೆಗಳಿಗೆ ಅಜ್ಜಿಯ ಕ್ಷಮೆ ಕೇಳಿಲ್ಲ. ಕೇಳಿದರೆ ಕೊಟ್ಟಾರು ಎಂಬ ನಂಬಿಕೆಯೂ ಇಲ್ಲ.

ಮರುವರ್ಷ ಬೇಸಿಗೆಯಲ್ಲಿ ಅವರು ಫೋನು ಮಾಡಿ, "ನಿಮ್ಮ ಮಲ್ಲಿಗೆ ಬಿಟ್ಟಿದೆ ಮಾರಾಯ್ರೆ, ಹೆಂಡತಿ ಮುಡಿದಿದ್ದಾಳೆ" ಎಂದರು. ಸಂತೋಷವಾಯಿತು ಎಂದೆ. ನಿಜ ಹೇಳಬೇಕೆಂದರೆ ಸಂತೋಷಕ್ಕಿಂತ ಮೊದಲು ಹೊಟ್ಟೆಕಿಚ್ಚು ಬಂತು. ಸಂತೋಷ ಬಂದದ್ದು ರಾತ್ರಿ ಊಟವಾದ ಮೇಲೆ.

ಟ್ಯೂಬ್‌ಲೈಟುಗಳು ಇನ್ನೂ ಅಲ್ಲಿಯೇ ಇವೆ. ಬಿಚ್ಚಿ ಎಂದು ಹೆಂಡತಿ ಹೇಳುತ್ತಲೇ ಇರುತ್ತಾಳೆ. ಬೆಳಿಗ್ಗೆ ಅವುಗಳ ಕೆಳಗೆ ಕುರ್ಚಿ ಹಾಕಿಕೊಂಡು ನಾನು ಪೇಪರು ಓದುತ್ತೇನೆ.