ಅಪ್ಪನ ಸೈಕಲ್ಲಿನ ಬಣ್ಣ

ಅಪ್ಪನ ಸೈಕಲ್ಲು ಹಸಿರು ಎಂದು ನಾನು. ‘ಕಪ್ಪು ಕಣೋ, ಹಸಿರಿದ್ದದ್ದು ಸೀಟಿನ ಕವರು’ ಎಂದು ಅಕ್ಕ. ಮುಂದಿನ ಕಂಬಿಗೆ ಟವೆಲ್ ಸುತ್ತಿ ನನ್ನನ್ನು ಕೂರಿಸುತ್ತಿದ್ದದ್ದು, ಬೆಲ್ಲಿನ ಮುಚ್ಚಳ ಸಡಿಲಾಗಿ ಗುಂಡಿ ಸಿಕ್ಕಾಗಲೆಲ್ಲ ತಾನೇ ಕಿಣಿಗುಡುತ್ತಿದ್ದದ್ದು ಇಬ್ಬರಿಗೂ ನೆನಪಿದೆ. ಸೈಕಲ್ಲು ಗುಜರಿಗೆ ಹೋಯಿತು, ಅಪ್ಪನೂ ಹೋದರು. ಉಳಿದದ್ದು ನೆನಪೊಂದೇ ಅಂದುಕೊಂಡಿದ್ದೆ.

ಆ ನೆನಪು ಉಳಿಯುವುದಾದರೂ ಎಲ್ಲಿ? ಅಮೆರಿಕದ ಹೆನ್ರಿ ಮೊಲೇಸನ್‌ಗೆ 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗ ನಿಲ್ಲಿಸಲೆಂದು ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದರು. ಮೂರ್ಛೆ ಇಳಿಯಿತು, ಹೊಸ ನೆನಪು ನಿಲ್ಲುವುದೂ ತಪ್ಪಿತು. ವರ್ಷಗಟ್ಟಲೆ ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಪ್ರತಿ ಸಲವೂ ಹೊಸಬರೇ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಅಂಚು ಗೀಚುವುದನ್ನು ಅವನ ಕೈ ಮೂರು ದಿನದಲ್ಲಿ ಕಲಿಯಿತು, ಕಲಿತದ್ದು ಮಾತ್ರ ಅವನಿಗೆ ಗೊತ್ತಿಲ್ಲ. ಆದರೂ ಬಾಲ್ಯದ ಎಷ್ಟೋ ಸಂಗತಿಗಳು ನೆನಪಿನಲ್ಲಿ ಹಾಗೇ ಇದ್ದವು.

ಅಂದರೆ ಹಿಪ್ಪೊಕ್ಯಾಂಪಸ್ ಉಗ್ರಾಣವಲ್ಲ, ಹೂ ಕಟ್ಟುವ ದಾರ. ಸೈಕಲ್ಲಿನ ಬಣ್ಣ ಮಿದುಳಿನ ಹಿಂಭಾಗದಲ್ಲಿ, ಬೆಲ್ಲಿನ ಸದ್ದು ಕಿವಿಯ ಮೇಲಿನ ಪಕ್ಕದಲ್ಲಿ. ಇವನ್ನೆಲ್ಲ ಒಂದು ಮಾಲೆ ಮಾಡುವುದು ಅದರ ಕೆಲಸ. ರಾತ್ರಿ ಗಾಢನಿದ್ದೆಯಲ್ಲಿ ಹಗಲು ಮಿಡಿದ ನರಕೋಶಗಳೇ ಅಲ್ಲಿ ಅದೇ ಸರದಿಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ, ಮತ್ತೆ ಮಿಡಿಯುತ್ತವೆ. ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಅದನ್ನು ಕೇಳಿಸಿಕೊಳ್ಳುತ್ತದೆ. ಹೀಗೆ ಎಷ್ಟೋ ರಾತ್ರಿ ಕಂಠಪಾಠ ನಡೆದು ಕಾರ್ಟೆಕ್ಸ್‌ನ ಕೋಶಗಳು ತಮ್ಮತಮ್ಮಲ್ಲೇ ನಂಟು ಬೆಳೆಸಿಕೊಳ್ಳುತ್ತವೆ. ಆಮೇಲೆ ದಾರ ಪೂರಾ ಬೇಡವಾಗುತ್ತದೆಯೇ ಎಂಬ ಬಗ್ಗೆ ವಿಜ್ಞಾನಿಗಳ ಜಗಳ ನನ್ನ, ಅಕ್ಕನ ಜಗಳದಷ್ಟೇ ಹಳೆಯದು.

ನನ್ನನ್ನು ಕಾಡಿದ್ದು ಇನ್ನೊಂದು. 2000ದಲ್ಲಿ ವಿಜ್ಞಾನಿ ಕರೀಮ್ ನಾದೆರ್ ಮತ್ತು ಸಂಗಡಿಗರು ಇಲಿಗಳಿಗೆ ಒಂದು ಸದ್ದಿನ ಭಯ ಕಲಿಸಿದರು. ಮರುದಿನ ಸದ್ದು ಕೇಳಿಸಿ, ಕೂಡಲೇ ಮಿದುಳಿನಲ್ಲಿ ಭಯದ ನೆಲೆಯಾದ ಅಮಿಗ್ಡಲದಲ್ಲಿ ಹೊಸ ಪ್ರೋಟೀನು ಹುಟ್ಟದಂತೆ ಔಷಧಿ ಕೊಟ್ಟು ತಡೆದರು. ಗಟ್ಟಿಯಾಗಿದ್ದ ಭಯ ಕರಗಿತು. ಸದ್ದು ಕೇಳಿಸದೆ ಅದೇ ಔಷಧಿ ಕೊಟ್ಟ ಇಲಿಗಳಲ್ಲಿ ಭಯ ಇದ್ದಂತೆಯೇ ಇತ್ತು. ನೆನೆದ ನೆನಪು ಹಸಿ ಮಣ್ಣಾಗಬಹುದು; ಆಗ ಮತ್ತೆ ಒಣಗಬೇಕು. ಆ ಹೊತ್ತಿನಲ್ಲಿ ಯಾರ ಬೆರಳಾದರೂ ತಾಗಬಹುದು.

ಹಾಗಾದರೆ ಅಪ್ಪನನ್ನು ಹೆಚ್ಚು ನೆನೆದವನೇ ಹೆಚ್ಚು ತಿದ್ದಿದವನೋ?

ಮೊನ್ನೆ ಅಕ್ಕ ಫೋನಿನಲ್ಲಿ, ‘ನೀನಂದದ್ದೇ ಸರಿ ಇರಬೇಕು ಕಣೋ, ಹಸಿರೇ’ ಅಂದಳು. ಅಷ್ಟು ಹೊತ್ತಿಗೆ ನನ್ನ ಕಣ್ಣಿಗೆ ಕಪ್ಪು ಕಾಣತೊಡಗಿತ್ತು.