ಇವತ್ತಿನ ಪಾಲು

ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ನಮ್ಮ ಸಭೆಯವರ ಉಪವಾಸ ಪ್ರಾರ್ಥನೆ ಶುಕ್ರವಾರ ಶುಕ್ರವಾರ ಮನೆಮನೆ ಸುತ್ತುತ್ತದೆ. ಒಂದು ವಾರ ಆನಂದಬಾಗ್, ಇನ್ನೊಂದು ವಾರ ಮಿರ್ಜಾಲಗೂಡ, ಮತ್ತೊಂದು ವಾರ ರೈಲು ಹಳಿಯ ಆಚೆ ಯಾರದೋ ಮೂರನೇ ಮಹಡಿ. ಹಾಡು, ಪ್ರಾರ್ಥನೆ, ಪ್ರಸಂಗ ಎಲ್ಲ ತೆಲುಗಿನಲ್ಲಿ. ತೊಡೆಯ ಮೇಲಿನ ಬೈಬಲ್ ಮಾತ್ರ ನಾನು ಕಲಬುರಗಿಯಿಂದ ತಂದ ಕನ್ನಡದ್ದು. ಕಡೆಗೆ ಸಾಕ್ಷಿ ಹೇಳುವ ಹೊತ್ತು. ಒಬ್ಬರ ಮಗನಿಗೆ ವೀಸಾ ಸಿಕ್ಕಿದೆ, ಒಬ್ಬರಿಗೆ ಆಪರೇಷನ್ ತಪ್ಪಿದೆ, ಒಬ್ಬರ ಪ್ಲಾಟಿನ ತಕರಾರು ಬಗೆಹರಿದು ರಿಜಿಸ್ಟ್ರೇಷನ್ ಆಗಿದೆ. ನಂಬಿದೆವು, ಸಿಕ್ಕಿತು. ಎಲ್ಲರೂ ಸ್ತೋತ್ರ ಹೇಳುತ್ತಾರೆ, ನಾನೂ ಹೇಳುತ್ತೇನೆ. ಸಿಗದವರೂ ಅದೇ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಾರೆ. ಅವರ ಸರದಿ ಬರುವುದಿಲ್ಲ.

ನಾನು ಆ ಗೋಡೆಯ ಕಡೆಯವಳು. ನಮ್ಮ ಯಜಮಾನರು ಲಾಲಗೂಡದ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನಿಜಾಮರ ರೈಲ್ವೆ 1893ರಲ್ಲಿ ಕಟ್ಟಿದ ಆ ಕಾರ್ಖಾನೆಯ ಅನ್ನ ಉಂಡು ಈ ಭಾಗದಲ್ಲಿ ನೆಲೆನಿಂತ ಎಷ್ಟೋ ಕುಟುಂಬಗಳಲ್ಲಿ ನಮ್ಮದೂ ಒಂದು. ರಿಟೈರ್ ಆದ ಮೇಲೆ ಅವರ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಸಭೆಯವರೆಲ್ಲ ಉಪವಾಸವಿದ್ದು ಪ್ರಾರ್ಥಿಸಿದರು. ಅವರು ಉಳಿಯಲಿಲ್ಲ. ಸಮಾಧಾನ ಹೇಳಲು ಬಂದ ಹಿರಿಯರೊಬ್ಬರು, "ನಂಬಿಕೆ ಇನ್ನೂ ಸ್ವಲ್ಪ ಗಟ್ಟಿ ಇರಬೇಕಾಗಿತ್ತಮ್ಮಾ" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ದಿನದ ಬದುಕಿನಲ್ಲಿ ದೇವರನ್ನು ನಂಬುವುದೆಂದರೆ ಏನನ್ನು ನಂಬುವುದು? ಕೇಳಿದ್ದು ಸಿಕ್ಕೇ ಸಿಗುತ್ತದೆ ಅಂತಲೇ? ಹಾಗಿದ್ದರೆ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯ ನಂಬಿಕೆಯೂ ಸಾಲದೆ ಹೋಯಿತು ಅನ್ನಬೇಕಾಗುತ್ತದೆ. ಆ ಸಂಕಟ ತಪ್ಪಲಿ ಎಂದು ಅವರು ನೆಲಕ್ಕೆ ಬಿದ್ದು ಬೇಡಿದರು. ತಪ್ಪಲಿಲ್ಲ. ಬೇಡುವಾಗ ಅವರಿಗೆ ಭಯವಿತ್ತು, ಬೆವರಿತ್ತು, ಎಚ್ಚರವಾಗಿರಿ ಎಂದರೂ ನಿದ್ದೆ ಹೋದ ಗೆಳೆಯರ ಮೇಲೆ ಬೇಸರವಿತ್ತು. ನಂಬಿದವರಿಗೆ ಚಿಂತೆಯೇ ಇರದು ಎನ್ನುವವರು ಆ ರಾತ್ರಿಯ ಕತೆಯನ್ನು ಇನ್ನೊಮ್ಮೆ ಓದಬೇಕು.

ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಊಟದ ಬೇಡಿಕೆ ಒಂದೇ ಒಂದು, ಅದೂ ಒಂದೇ ದಿನದ್ದು. ತಿಂಗಳ ರೇಷನ್ ತಂದಿಡುವ ನಮ್ಮಂಥವರ ಬಾಯಲ್ಲಿ ಅದು ಬರೀ ಪಾಠದಂತೆ ಉರುಳಿಹೋಗುತ್ತದೆ. ಅದರ ನಿಜವಾದ ಅರ್ಥ ಗೊತ್ತಿರುವುದು ನಮ್ಮ ಕೂಲಿ ಅಡ್ಡಾದಲ್ಲಿ ನಿಲ್ಲುವವರಿಗೆ. ಬೆಳಿಗ್ಗೆ ಹಾಲು ತರಲು ಹೋದರೆ ಕಾಣುತ್ತಾರೆ: ಕೈಯಲ್ಲಿ ಟಿಫಿನ್ ಡಬ್ಬಿ, ಪಕ್ಕದಲ್ಲಿ ಗಾರೆ ಕರಣಿ, ಬಾಂಡ್ಲಿ. ಪಾಲಮೂರಿನವರು, ನಾರಾಯಣಖೇಡದವರು, ನಮ್ಮ ಬೀದರ್ ಕಡೆಯವರೂ. ಮೇಸ್ತ್ರಿ ಬೈಕ್ ನಿಲ್ಲಿಸಿದರೆ ಸಾಕು, ಹತ್ತು ಜನ ಮುತ್ತುತ್ತಾರೆ. ಒಂಬತ್ತೂವರೆ ದಾಟಿದರೆ ಆ ದಿನ ಹೋದಂತೆ. ಯೇಸು ಹೇಳಿದ ದ್ರಾಕ್ಷಿತೋಟದ ಸಾಮತಿಯೂ ಇಂಥದೇ ಅಡ್ಡಾದ ಕತೆ. ಹೊತ್ತು ಮುಳುಗಲು ಒಂದು ತಾಸು ಇರುವಾಗಲೂ ಸಂತೆಬೀದಿಯಲ್ಲಿ ಯಾರೂ ಕರೆಯದೆ ನಿಂತವರನ್ನು ಯಜಮಾನ ಕೆಲಸಕ್ಕೆ ಕರೆಯುತ್ತಾನೆ. ಸಂಜೆ ಅವರಿಗೂ ಇಡೀ ದಿನದ ಕೂಲಿ ಎಣಿಸುತ್ತಾನೆ. ಬೆಳಿಗ್ಗೆಯಿಂದ ದುಡಿದವರು ಗೊಣಗುತ್ತಾರೆ. ಯಜಮಾನನ ಲೆಕ್ಕ ಬೇರೆ: ಕೆಲಸ ಒಂದು ತಾಸಿನದಾದರೂ ಹಸಿವು ಇಡೀ ದಿನದ್ದು.

ಇದೇ ತೆಲಂಗಾಣದ ಮೆದಕ್‌ನಲ್ಲಿ ಆ ಲೆಕ್ಕವನ್ನು ಕಲ್ಲಿನಲ್ಲಿ ಕಟ್ಟಿದ್ದಾರೆ. ಬರಗಾಲದಲ್ಲಿ ಜನರಿಗೆ ಕೆಲಸ ಕೊಟ್ಟು ಅನ್ನ ಹಾಕಬೇಕೆಂದು ಮಿಷನರಿ ಚಾರ್ಲ್ಸ್ ವಾಕರ್ ಪೋಸ್ನೆಟ್ ಅಲ್ಲಿ ದೊಡ್ಡ ಚರ್ಚು ಕಟ್ಟಿಸಿದರು. 1924ರ ಕ್ರಿಸ್‌ಮಸ್ ದಿನ ಅದರ ಪ್ರತಿಷ್ಠೆಯಾಯಿತು. ಇವತ್ತು 175 ಅಡಿಯ ಗೋಪುರ ನೋಡಲು ಬಸ್ಸು ಕಟ್ಟಿಕೊಂಡು ಹೋಗುತ್ತೇವೆ. ನನಗೆ ಅಲ್ಲಿ ಗೋಪುರಕ್ಕಿಂತ ದೊಡ್ಡದಾಗಿ ಕಾಣುವುದು ಅದನ್ನು ಹೊತ್ತವರ ಹೊಟ್ಟೆಗೆ ಬಿದ್ದ ಅನ್ನ.

ನಮ್ಮವ್ವನಿಗೆ ಇದನ್ನು ಯಾರೂ ಪ್ರಸಂಗ ಮಾಡಿ ತಿಳಿಸಬೇಕಾಗಿರಲಿಲ್ಲ. 1972ರ ಬರದಲ್ಲಿ ಅವಳು ಕಾಮಗಾರಿಗೆ ಹೋಗಿ ಕಲ್ಲು ಒಡೆದವಳು. "ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನು?" ಅಂತಿದ್ದಳು. ಅಂದು ಮುಗಿಸುವುದರೊಳಗೆ ಸೆರಗು ಸಿಕ್ಕಿಸಿ ಬುಟ್ಟಿ ಎತ್ತಿರುತ್ತಿದ್ದಳು. ಆ ಎರಡರ ನಡುವೆ ಅವಳಿಗೆ ಯಾವ ವಿರೋಧವೂ ಕಾಣಲಿಲ್ಲ.

ಇನ್ನು, ಅನ್ನದಂತೆಯೇ ಪಾಲಾಗಿ ಬರುವ ನೀರಿನ ಮಾತು. ನಮ್ಮ ಗಲ್ಲಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬರುವ ಹೊತ್ತಿಗೆ ಮೊದಲು ಕೇಳುವುದು ಹಳೇ ನೀರು ಮೋರಿಗೆ ಸುರಿಯುವ ಸದ್ದು. ಮೊನ್ನೆ ತುಂಬಿಟ್ಟ ಕೊಡ, ಹಂಡೆ, ನೀಲಿ ಡ್ರಮ್ಮು ಎಲ್ಲ ಬಗ್ಗಿಸಿ, ತೊಳೆದು, ಹೊಸ ನೀರು ಹಿಡಿಯುತ್ತಾರೆ. ಕೆಲವರು ಲೈನಿಗೇ ಮೋಟರ್ ಹಚ್ಚಿ ಎಳೆಯುತ್ತಾರೆ. ಅದೇ ಹೊತ್ತಿಗೆ ಗಲ್ಲಿಯ ಏರಿನ ಕಡೆಯ ಮನೆಯ ನಲ್ಲಿಯಲ್ಲಿ ನೀರು ದಾರದಷ್ಟು ಸಣ್ಣಗೆ ಇಳಿಯುತ್ತಿರುತ್ತದೆ. ವಿಮೋಚನಕಾಂಡದ ಮನ್ನದ ಕತೆ ನನಗೆ ಸರಿಯಾಗಿ ಹತ್ತಿದ್ದು ಈ ಗಲ್ಲಿಯಲ್ಲಿ. ಅರಣ್ಯದಲ್ಲಿ ಆಕಾಶದಿಂದ ಬೀಳುತ್ತಿದ್ದ ಆ ಆಹಾರವನ್ನು ದಿನಕ್ಕೆ ತಲೆಗೊಂದು ಓಮೆರ್ ಅಳತೆಯಂತೆ ಕೂಡಿಸಿಕೊಳ್ಳಬೇಕು ಎಂಬ ಅಪ್ಪಣೆ. ಹೆಚ್ಚು ಬಾಚಿದವರಿಗೆ ಹೆಚ್ಚಾಗಲಿಲ್ಲ, ಕಡಿಮೆ ಸಿಕ್ಕವರಿಗೆ ಕಡಿಮೆಯಾಗಲಿಲ್ಲ. ನಾಳೆಗಿರಲಿ ಎಂದು ಮುಚ್ಚಿಟ್ಟದ್ದು ಹುಳಬಿದ್ದು ನಾರಿತು. ಮುಚ್ಚಿಟ್ಟವರೇನು ಕೆಟ್ಟವರಲ್ಲ, ಹೆದರಿದವರು. ಐಗುಪ್ತದಲ್ಲಿ ಗುಲಾಮರಾಗಿದ್ದವರಿಗೆ ನಾಳೆಯೂ ಬೀಳುತ್ತದೆ ಎಂದು ನಂಬುವುದು ಸುಲಭವೇ?

2016ರ ಬೇಸಿಗೆಯಲ್ಲಿ ನಮ್ಮ ಹೆದರಿಕೆಗೂ ಕಾರಣವಿತ್ತು. ಬೀದರ್ ಜಿಲ್ಲೆ ಹಾದು ಬರುವ ಮಂಜೀರಾ 1965ರಿಂದ ಹೈದರಾಬಾದಿಗೆ ನೀರು ಕೊಟ್ಟ ನದಿ. ಆ ವರ್ಷ ಮಂಜೀರಾ, ಸಿಂಗೂರು ಜಲಾಶಯಗಳೆರಡೂ ಬತ್ತಿ ನಗರವೆಲ್ಲ ಕೃಷ್ಣೆ, ಗೋದಾವರಿಯ ಪೈಪುಗಳ ಮೇಲೆ ನಿಂತಿತ್ತು. ಟ್ಯಾಂಕರ್ ಬಂದರೆ ಗಲ್ಲಿಯಲ್ಲಿ ಜಗಳ. ನಮ್ಮ ಪಕ್ಕದ ಮನೆಯ ಬೋರಿನಲ್ಲಿ ಇಷ್ಟಿಷ್ಟೇ ನೀರು ಬರುತ್ತಿತ್ತು. ಆಕೆ ಗೇಟಿನ ಹೊರಗೆ ಪೈಪು ಬಿಟ್ಟು, ಬಂದವರು ಎರಡೆರಡು ಬಿಂದಿಗೆ ಒಯ್ಯಲಿ ಎಂದರು. ಆಕೆ ಚರ್ಚಿನವರಲ್ಲ, ಆಷಾಢದಲ್ಲಿ ತಲೆಯ ಮೇಲೆ ಬೋನ ಹೊತ್ತು ಅಮ್ಮನ ಗುಡಿಗೆ ಹೋಗುವವರು. "ಹೀಗೆ ಬಿಟ್ಟರೆ ಬೋರು ಬತ್ತಿಹೋದೀತು" ಅಂದೆ. "ಬತ್ತಿದರೆ ನಿಮ್ಮ ಮನೆಗೆ ಬಿಂದಿಗೆ ಹಿಡಿದು ಬರ್ತೀನಿ ವದಿನಾ" ಅಂದರು. ನಂಬಿಕೆಯ ಬಗ್ಗೆ ನಾನು ಕೇಳಿದ ಪ್ರಸಂಗಗಳಲ್ಲಿ ಇದಕ್ಕಿಂತ ಚಿಕ್ಕದೂ ಇಲ್ಲ, ಇದಕ್ಕಿಂತ ದೊಡ್ಡದೂ ಇಲ್ಲ.

ಹಾಗಾದರೆ ಕೂಡಿಡುವುದೆಲ್ಲ ಅಪನಂಬಿಕೆಯೇ? ನಾನು ತಿಂಗಳು ತಿಂಗಳು ಫ್ಯಾಮಿಲಿ ಪೆನ್ಷನ್ ತೆಗೆದುಕೊಳ್ಳುವವಳು, ಪೋಸ್ಟಾಫೀಸಿನಲ್ಲಿ ಆರ್.ಡಿ. ಕಟ್ಟುವವಳು, ಖರ್ಚಿನ ಪುಸ್ತಕ ಬರೆಯುವವಳು. ಮನ್ನದ ಕತೆಯಲ್ಲೇ ಇದಕ್ಕೆ ಉತ್ತರವಿದೆ. ಆರನೆಯ ದಿನ ಎರಡರಷ್ಟು ಕೂಡಿಸಿಕೊಳ್ಳಿ, ಏಳನೆಯ ದಿನ ವಿಶ್ರಾಂತಿ ಎಂದು ದೇವರೇ ಹೇಳಿದ್ದು. ಅದು ಕೆಡಲಿಲ್ಲ. ಪ್ರವಾದಿ ಯೆರೆಮೀಯನನ್ನು ನೋಡಿ: ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿರುವಾಗ, ತಾನೇ ಸೆರೆಯಲ್ಲಿರುವಾಗ, ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡ. ಪತ್ರ ಬರೆಸಿ, ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿ, ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಶತ್ರುವಿನ ಕಾಲಡಿ ಇರುವ ಹೊಲಕ್ಕೆ ಅಷ್ಟು ನೆಟ್ಟಗಿನ ಕಾಗದಪತ್ರ! ಈ ನೆಲದಲ್ಲಿ ಮತ್ತೆ ಮನೆ, ಹೊಲ ಕೊಳ್ಳುವ ಕಾಲ ಬರುತ್ತದೆ ಎಂಬ ದೇವರ ಮಾತಿಗೆ ಅವನು ಹಾಕಿದ ಸಹಿ ಅದು. ಆದ್ದರಿಂದ ಲೆಕ್ಕ ಬರೆದರೆ ನಂಬಿಕೆ ಕಡಿಮೆಯಾಯಿತು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈ ಎರಡನ್ನೂ ಒಂದೇ ಬದುಕಿನಲ್ಲಿ ನೋಡಬೇಕೆಂದರೆ ನಾನು ಪಂಡಿತಾ ರಮಾಬಾಯಿಯವರ ಹತ್ತಿರ ಹೋಗುತ್ತೇನೆ. ಅವರು ನಮ್ಮ ಕರಾವಳಿಯ ಮೂಲದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡು ಘಟ್ಟದ ಗಂಗಾಮೂಲದಲ್ಲಿ ಮನೆ ಮಾಡಿದವರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಆ ಕಾಡಿನಲ್ಲಿ. ಊರೂರು ಪುರಾಣ ಹೇಳುತ್ತ ಅಲೆಯುವಾಗ ಬರ ಬಂದು ತಂದೆ, ತಾಯಿ, ಅಕ್ಕ ಮೂವರೂ ಹೋದರು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನೂ ಹೋದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. ಅದಕ್ಕೆ ಅಮೆರಿಕದ ಗೆಳೆಯರು ಹತ್ತು ವರ್ಷ ಹಣ ಕಳಿಸುವುದಾಗಿ ಮಾತು ಕೊಟ್ಟಿದ್ದರು. ಹತ್ತು ವರ್ಷ ಮುಗಿದ ಮೇಲೆ ಏನು ಎಂದು ರಮಾಬಾಯಿ ಮೊದಲೇ ಯೋಚಿಸಿ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಜಮೀನು ಕೊಂಡು ಹಣ್ಣಿನ ತೋಟ ಹಾಕಿದರು. ಆರನೆಯ ದಿನದ ಎರಡು ಪಾಲು ಅದು.

ಹಣದ ಮಾತು ತೀರುತ್ತ ಬಂದ ಹೊತ್ತಿಗೇ, 1896–97ರಲ್ಲಿ, ಮಧ್ಯಪ್ರಾಂತದಲ್ಲಿ ಬರ ಬಿತ್ತು. ಲೆಕ್ಕ ಬಲ್ಲವರು ಯಾರಾದರೂ ಆಗ ಬಾಗಿಲು ಹಾಕಿಕೊಳ್ಳುತ್ತಿದ್ದರು. ರಮಾಬಾಯಿ ಅಲ್ಲಿಗೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದು ಆ ತೋಟದ ಜಾಗದಲ್ಲಿ ಇರಿಸಿಕೊಂಡರು. ಅದೇ ಮುಕ್ತಿ ಸದನವಾಯಿತು. 1900ರ ವೇಳೆಗೆ ಅಲ್ಲಿ ಸುಮಾರು 1500 ಜನ. ಬಾವಿ ತೋಡಿಸಿದರು, ಮಗ್ಗ ಹಾಕಿಸಿದರು, ಎಣ್ಣೆ ಗಾಣ, ಅಚ್ಚುಕೂಟ ನಡೆಸಿದರು. ಪ್ರಾರ್ಥಿಸುತ್ತಿದ್ದ ಆ ಹೆಣ್ಣುಮಕ್ಕಳ ಕೈಗೆ ಒಂದೊಂದು ಕಸುಬು ಕೊಟ್ಟರು.

ಆ ಕತೆ ಇಲ್ಲಿಗೆ ನಿಂತಿದ್ದರೆ ಶುಕ್ರವಾರದ ಸಾಕ್ಷಿಗೆ ಚೆನ್ನಾಗಿ ಒಪ್ಪುತ್ತಿತ್ತು. ನಿಲ್ಲಲಿಲ್ಲ. ಮಗಳು ಮನೋರಮಾ ಬಲಗೈಯಾಗಿದ್ದಳು. ಆಗ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಕಲಬುರಗಿಗೂ ಬಂದು 1912ರ ಸುಮಾರಿಗೆ ಶಾಲೆ ತೆರೆದವಳು. ತನ್ನ ನಂತರ ಇವಳೇ ಎಂದು ತಾಯಿ ನಿಶ್ಚಯಿಸಿದ್ದರು. 1921ರಲ್ಲಿ ಮಗಳೇ ಮೊದಲು ತೀರಿಕೊಂಡಳು. ಮೂಲ ಭಾಷೆಗಳಿಂದ ಮರಾಠಿಗೆ ಮಾಡುತ್ತಿದ್ದ ಬೈಬಲ್ ಅನುವಾದವನ್ನು ರಮಾಬಾಯಿ ಆಮೇಲೂ ಕೈಬಿಡಲಿಲ್ಲ. ಅದನ್ನು ಮುಗಿಸಿ 1922ರ ಏಪ್ರಿಲ್‌ನಲ್ಲಿ ಕಣ್ಣುಮುಚ್ಚಿದರು. ಸಿಕಂದರಾಬಾದಿನಿಂದ ಪುಣೆಗೆ ಹೋಗುವ ರೈಲು ವಾಡಿ, ಕಲಬುರಗಿ, ಸೋಲಾಪುರ, ದೌಂಡ್ ಮೇಲೆ ಹಾದು ಕೇಡಗಾಂವ್ ದಾಟುತ್ತದೆ. ಆ ಸ್ಟೇಷನ್ ಬಂದಾಗಲೆಲ್ಲ ನಮ್ಮ ಹಿರಿಯರ ಮಾತು ನೆನಪಾಗುತ್ತದೆ. ಈ ತಾಯಿಗೆ ಯಾರು ಹೇಳುತ್ತಾರೆ, ನಂಬಿಕೆ ಇನ್ನೂ ಸ್ವಲ್ಪ ಗಟ್ಟಿ ಇರಬೇಕಾಗಿತ್ತು ಎಂದು?

ಮಗಳು ಉಳಿಯುತ್ತಾಳೆ ಎಂಬುದರ ಮೇಲೆ ರಮಾಬಾಯಿಯವರ ನಂಬಿಕೆ ನಿಂತಿರಲಿಲ್ಲ. ನಿಂತಿದ್ದರೆ ಅದೂ ಮಗಳೊಂದಿಗೆ ಮಣ್ಣಾಗುತ್ತಿತ್ತು. ಏನಾಗುತ್ತದೆ ಎಂಬುದು ಬೇರೆ, ಯಾರ ಕೈಯಲ್ಲಿದ್ದೇನೆ ಎಂಬುದು ಬೇರೆ. ಮೊದಲನೆಯದು ನಮಗೆ ತಿಳಿಯದು, ತಿಳಿಯಬೇಕಾದ್ದೂ ಇಲ್ಲ. ಎರಡನೆಯದನ್ನು ಹಿಡಿದವರಿಗೆ ಇವತ್ತಿನ ಕೆಲಸ ಮಾಡಲು ನಾಳೆಯ ರಸೀದಿ ಬೇಕಾಗುವುದಿಲ್ಲ.

ನಮ್ಮ ಡಯಾಲಿಸಿಸ್‌ನ ದಿನಗಳಲ್ಲಿ ನಾನು ಕೇಳಿದ್ದು ಯಜಮಾನರ ಪ್ರಾಣ. ಸಿಕ್ಕಿದ್ದು ಬೇರೆ. ನಸುಕಿಗೆ ಮೌಲಾಲಿಯಿಂದ ಆಟೋ ತರುತ್ತಿದ್ದ ಸಾಬರು, ರಂಜಾನಿನ ಉಪವಾಸದಲ್ಲೂ ಒಂದು ದಿನ ತಪ್ಪಿಸಲಿಲ್ಲ. ಬೋರಿನ ಮನೆಯಾಕೆ ಉಪ್ಪು ಹಾಕದ ಉಪ್ಪಿಟ್ಟು ಬೇರೆ ಡಬ್ಬಿಯಲ್ಲಿ ಕಟ್ಟಿಕೊಡುತ್ತಿದ್ದರು. ರೋಗಿಗೆ ಉಪ್ಪು ಕೂಡದೆಂದು ನಾನು ಒಮ್ಮೆ ಹೇಳಿದ್ದು ಅವರಿಗೆ ನೆನಪಿತ್ತು. ನಮ್ಮ ಸಭೆಯ ಹುಡುಗರು ಸರದಿ ಹಾಕಿಕೊಂಡು ರಾತ್ರಿ ಕಾದರು. ಇದು ಪ್ರಾಣಕ್ಕೆ ಸಮ ಎಂದು ನಾನು ಹೇಳುವುದಿಲ್ಲ. ಪ್ರಾಣ ಪ್ರಾಣವೇ. ಆದರೆ ಯೇಸು ಕಲಿಸಿದ ಪ್ರಾರ್ಥನೆ 'ನನಗೆ' ಎಂದು ಬೇಡುವುದಿಲ್ಲ, 'ನಮಗೆ' ಎಂದು ಬೇಡುತ್ತದೆ. ಆ ದಿನಗಳ ನನ್ನ ಪಾಲು ಈ ಕೈಗಳಲ್ಲಿ ಬಂತು. ಹಾಗೆಯೇ ಬೇರೆ ಯಾರದೋ ಇವತ್ತಿನ ಪಾಲು ನನ್ನ ಡಬ್ಬಿಯಲ್ಲೋ ಪರ್ಸಿನಲ್ಲೋ ಇರಬಹುದು. ನಾಳೆಗೆ ಹೆದರಿ ನಾನು ಮುಷ್ಟಿ ಬಿಗಿದರೆ, ದೇವರು ಪ್ರಾರ್ಥನೆ ಕೇಳಲಿಲ್ಲ ಎಂದು ಆ ಮನೆಯವರು ಅಳುತ್ತಾರೆ.

ಹೀಗಾಗಿ ಖರ್ಚಿನ ಪುಸ್ತಕವನ್ನು ನಾನು ಬಿಟ್ಟಿಲ್ಲ. ಹಾಲು, ಕರೆಂಟು, ಔಷಧಿ, ಆರ್.ಡಿ. ಎಲ್ಲ ಬರೆಯುತ್ತೇನೆ. ತಿಂಗಳ ಮೊದಲಿಗೇ, ಇವೆಲ್ಲಕ್ಕೂ ಮೇಲೆ, ಒಂದು ಮೊತ್ತ ಬರೆದು ಎದುರಿಗೆ ಹೆಸರು ಬರೆಯದೆ ಬಿಡುತ್ತೇನೆ. ತಿಂಗಳು ಕಳೆಯುವುದರೊಳಗೆ ಯಾರಾದರೂ ಬಂದೇ ಬರುತ್ತಾರೆ: ಅಡ್ಡಾದಲ್ಲಿ ಕೆಲಸ ಸಿಗದವರು, ಮಗುವಿನ ಫೀಜು ಕಟ್ಟಲಾಗದವರು, ಊರಿಗೆ ಹೋಗಲು ರೈಲು ಚಾರ್ಜಿಲ್ಲದವರು. ಆಗ ಹೆಸರು ತುಂಬುತ್ತೇನೆ. ನಿಮ್ಮ ನಂಬಿಕೆ ಎಷ್ಟು ಗಟ್ಟಿ ಎಂದು ಇನ್ನು ಮುಂದೆ ಯಾರಾದರೂ ಕೇಳಿದರೆ ನನ್ನಲ್ಲಿ ವಾದವಿಲ್ಲ. ಆ ಪುಸ್ತಕ ತೆಗೆದು, ಮೊದಲ ಸಾಲು ತೋರಿಸುತ್ತೇನೆ.